ಎಣಿಕೆಗೆ ಸಿಗದ ಜಗದೇವಿ

ಕಳೆದ ಮಂಗಳವಾರ ನಮ್ಮ ಮನೆಗೆ ಸರ್ವೆಯವಳು ಬಂದಿದ್ದಳು. ಇಪ್ಪತ್ತೆರಡು, ಇಪ್ಪತ್ಮೂರರ ಹುಡುಗಿ. ಹೆಗಲಿಗೆ ಬ್ಯಾಗು, ಕೈಯಲ್ಲಿ ಇಟ್ಟಿಗೆಯಷ್ಟು ದಪ್ಪ ಫಾರಂ. ನಾನು ಮಷಿನ್ ಮುಂದೆ ಕುಳಿತು ಯಾರದೋ ಬ್ಲೌಸ್ ಹೊಲಿಯುತ್ತಿದ್ದೆ. ನೀರು ಕುಡಿದಳು, ಪೆನ್ನು ತೆಗೆದಳು, ಕೇಳಿದಳು.

"ಅಕ್ಕಾರ, ನಿನ್ನಿ ರಾತ್ರಿ ಈ ಮನ್ಯಾಗ ಯಾರ್ಯಾರು ಮಲ್ಕೊಂಡಿದ್ರಿ?"

ಮಷಿನ್ ನಿಲ್ಲಿಸಿದೆ. ಇದೇ ಪ್ರಶ್ನೆಯನ್ನು ಎಂಟು ವರ್ಷದ ಹಿಂದೆ ಇದೇ ಬಸವಕಲ್ಯಾಣದಲ್ಲಿ, ಎರಡು ಓಣಿ ಆಚೆಗಿನ ನನ್ನ ತವರುಮನೆಯ ಬಾಗಿಲಲ್ಲಿ ಕೇಳಿದ್ದರು. ಆಗ ಉತ್ತರ ಕೊಟ್ಟವಳೂ ನಾನೇ. ಸುಳ್ಳು ಉತ್ತರ.

"ಇದೆಂಥಾ ಪ್ರಶ್ನಿ ತಂಗೀ? ಮನ್ಯಾಗ ಎಷ್ಟು ಮಂದಿ ಅದೀರಿ ಅಂತ ಕೇಳಿದ್ರ ಆಗಂಗಿಲ್ಲೇನು?"

"ಹಂಗ ಕೇಳಿದ್ರ ಲೆಕ್ಕ ತಪ್ಪತದ್ರಿ. ಹಡೀಲಿಕ್ಕೆ ಬಂದ ಮಗಳನ್ನ ತವರಾಗ ಕೇಳಿದ್ರ 'ಆಕಿ ಗಂಡನ ಮನಿಯಾಕಿ' ಅಂತಾರ. ಗಂಡನ ಮನ್ಯಾಗ ಕೇಳಿದ್ರ 'ತವರಿಗೆ ಹೋಗ್ಯಾಳ' ಅಂತಾರ. ಎರಡೂ ಕಡಿ ಆಕಿ ಬಿಟ್ಟೇ ಹೋಗ್ತಾಳ. ಅದಕ್ಕ ಮಲಗಿದವರನ್ನ ಕೇಳೂದು. ನಮ್ಮಂಥ ಬಡ ದೇಶದಾಗೆಲ್ಲ ಹಿಂಗ ಕೇಳ್ತಾರಂತ್ರಿ. ಆಫ್ರಿಕಾದಾಗೂ."

ಆಫ್ರಿಕಾದವರೆಗೂ ನಡೆಯುವ ಆ ಉಪಾಯ ನನ್ನೆದುರು ಸೋತಿತ್ತು. ಹೇಗೆಂದು ಹೇಳಿಬಿಡುತ್ತೇನೆ. ಇಷ್ಟು ವಾರ ಈ ಅಂಕಣದಲ್ಲಿ ನಿಮ್ಮೆದುರು ಅವರಿವರ ತಪ್ಪನ್ನೇ ಆಡಿಕೊಂಡು ಬಂದಿದ್ದೇನೆ, ಇವತ್ತು ನನ್ನದು.

ಜಗದೇವಿ ನನ್ನ ತಂಗಿ. ನನಗಿಂತ ಒಂಬತ್ತು ವರ್ಷ ಚಿಕ್ಕವಳು. ನಾನು ಆರನೆಯ ಇಯತ್ತೆಗೇ ಶಾಲೆ ಬಿಟ್ಟವಳು. (ಈ ಅಂಕಣದ ಕಾಗುಣಿತ ಪೇಪರಿನವರೇ ತಿದ್ದುತ್ತಾರೆಂದು ನಿಮಗೆ ಗೊತ್ತೇ ಇದೆ.) ಅವಳು ಒಂಬತ್ತನೆಯ ಇಯತ್ತೆಗೆ ಬಂದಿದ್ದಳು. ಹುಮನಾಬಾದಿನ ಸಂಬಂಧ ತಂದವಳು ನಾನು. ನನ್ನ ಗಂಡನ ಕಡೆಯವರು. ಹುಡುಗನಿಗೆ ಅಲ್ಲೊಂದು ಕೆಮಿಕಲ್ ಫ್ಯಾಕ್ಟರಿಯಲ್ಲಿ ಕೆಲಸ, ಕೆಟ್ಟವನೂ ಅಲ್ಲ. ಹುಡುಗಿಗೆ ಎಷ್ಟು ವಯಸ್ಸು ಎಂದು ಬೀಗರು ಕೇಳಿದಾಗ, ಅಪ್ಪ ಬಾಯಿ ತೆರೆಯುವ ಮೊದಲೇ ನಾನು ಹೇಳಿದೆ: "ಹದಿನೆಂಟು ತುಂಬ್ಯಾವ್ರಿ."

ಅವಳಿಗೆ ಹದಿನೈದು. ಅಲ್ಲಿ ಕೂತಿದ್ದವರಿಗೆ ಮುಖ ನೋಡಿದರೆ ತಿಳಿಯುತ್ತಿತ್ತು. ಯಾರೂ ಎರಡನೆಯ ಸಲ ಕೇಳಲಿಲ್ಲ. ಹೆಣ್ಣುಮಗಳ ವಯಸ್ಸು ನಮ್ಮಲ್ಲಿ ದೊಡ್ಡವರು ಹೇಳಿದಷ್ಟು, ಅಲ್ಲವೇ?

ವರ್ಷದೊಳಗೆ ಹಡೆಯಲು ತವರಿಗೆ ಬಂದಳು. ಕಾಲು ಬಾತು ಕಾಲುಂಗುರ ತೆಗೆದಿಟ್ಟಿದ್ದಳು. ತುಟಿಯಲ್ಲಿ ಬಣ್ಣವಿರಲಿಲ್ಲ. ದಿನವಿಡೀ ಬಳಪ ತಿನ್ನುತ್ತಿದ್ದಳು. ತನ್ನ ಹಳೆಯ ಪಾಟಿಚೀಲದಲ್ಲಿ ಉಳಿದಿದ್ದ ತುಂಡುಗಳು ಮುಗಿದ ಮೇಲೆ ಓಣಿಯ ಮಕ್ಕಳಿಂದ ಇಸಿದುಕೊಳ್ಳುತ್ತಿದ್ದಳು.

"ಶಾಲಿ ಬಿಟ್ರೂ ಬಳಪ ಬಿಡವಲ್ಲಿ ನೋಡು," ಎಂದು ನಾನು ನಗಾಡಿದ್ದೆ.

"ಶಾಲಿ ನಾ ಎಲ್ಲಿ ಬಿಟ್ಟೀನಿ? ನೀ ಬಿಡಿಸೀದಿ," ಎಂದು ಅವಳೂ ನಕ್ಕಿದ್ದಳು.

ಮೈಯಲ್ಲಿ ರಕ್ತ ತೀರಾ ಕಡಿಮೆಯಾದಾಗ ಕೆಲವರಿಗೆ ಮಣ್ಣು, ಬಳಪ ತಿನ್ನುವ ಆಸೆ ಬರುತ್ತದಂತೆ. ಇದು ನನಗೆ ತಿಳಿದದ್ದು ಆಮೇಲೆ. ನಮಗೆ ಎಲ್ಲವೂ ಆಮೇಲೆಯೇ ಯಾಕೆ ತಿಳಿಯುತ್ತದೆ?

ಹುಮನಾಬಾದಿನಲ್ಲಿ ನರ್ಸಬಾಯಿ ವಿಚಾರಿಸಿದಾಗ "ತವರಾಗ ತೋರಿಸ್ತಾರ" ಎಂದಿದ್ದರು. ಇಲ್ಲಿ ನಮ್ಮ ನರ್ಸಬಾಯಿಗೆ ನಾವು "ಹುಮನಾಬಾದಿನಾಗ ತೋರಿಸ್ಯಾರ" ಎಂದಿದ್ದೆವು. ತೋರಿಸಿದವರು ಯಾರೂ ಇಲ್ಲ.

ಅಂಥ ದಿನಗಳಲ್ಲೇ ಸರ್ವೆಯವರು ಬಂದದ್ದು. ಇಬ್ಬರು ಹೆಂಗಸರು. ಬರೀ ಬರೆದುಕೊಂಡು ಹೋಗುವವರಲ್ಲ, ಜೊತೆಗೊಂದು ಸಣ್ಣ ಪೆಟ್ಟಿಗೆ ಮಷಿನ್ ಇತ್ತು. ಬೆರಳಿಗೆ ಚುಚ್ಚಿ ಒಂದು ಹನಿ ತೆಗೆದರೆ ನಿಮಿಷದಲ್ಲಿ ರಕ್ತ ಎಷ್ಟಿದೆ ಎಂದು ಹೇಳುತ್ತಿತ್ತು. ಕಡಿಮೆಯಿದ್ದರೆ ಆಸ್ಪತ್ರೆಗೆ ಚೀಟಿ ಬರೆದು ಕೊಡುತ್ತಿದ್ದರು. ಪಕ್ಕದ ಮನೆಯವರು ಆಗಲೇ ಬೆರಳಿಗೆ ಹತ್ತಿ ಒತ್ತಿಕೊಂಡು ಹೊರಗೆ ನಿಂತಿದ್ದರು.

ಆದರೆ ಅವರು ಲಗ್ನವಾದಾಗ ವಯಸ್ಸೆಷ್ಟು ಎಂದೂ ಕೇಳುತ್ತಿದ್ದರು. ಜಗದೇವಿಗೆ ಸುಳ್ಳು ಬರುತ್ತಿರಲಿಲ್ಲ. ಹದಿನೈದು ಎಂದುಬಿಡುತ್ತಾಳೆ. ಓಣಿಯವರೆಲ್ಲ ಬಾಗಿಲಲ್ಲಿದ್ದಾರೆ. ನಾಳೆ ಕೇಸ್ ಆದರೆ? ನನ್ನ ಗಂಡನ ಮನೆಯವರು ನನ್ನನ್ನು ಬಿಟ್ಟಾರೆಯೇ? ನಾನು ಯೋಚಿಸಿದ್ದು ನನ್ನ ಬಗ್ಗೆ. ಅವಳನ್ನು ಒಳಕೋಣೆಗೆ ತಳ್ಳಿ, ಕದ ಎಳೆದು, ಅದಕ್ಕೇ ಬೆನ್ನು ಕೊಟ್ಟು ಕೂತೆ. ಅವ್ವ ಗಾಬರಿಯಾಗುತ್ತಾಳೆಂದು ಉತ್ತರವನ್ನೆಲ್ಲ ನಾನೇ ಹೇಳಿದೆ.

"ನಿನ್ನಿ ರಾತ್ರಿ ಯಾರ್ಯಾರು ಮಲಗಿದ್ರಿ?"

"ನಮ್ಮಪ್ಪ, ನಮ್ಮವ್ವ. ಇಬ್ಬರ್ರಿ."

ಒಳಗೆ ಬಳೆ ಸದ್ದಾಯಿತು. ಸೀಮಂತದ ಕುಬಸಕ್ಕೆ ಇಟ್ಟ ಹಸಿರು ಬಳೆ, ಮೊಣಕೈವರೆಗೆ. ಬರೆಯುತ್ತಿದ್ದವಳು ತಲೆಯೆತ್ತಿದಳು. "ಒಳಗ ಯಾರದಾರ್ರಿ?"

"ಬೀಗರ ಕಡಿ ಹುಡುಗಿ. ಈಗ ಬಂದಾಳ, ಈಗ ಹೋಗ್ತಾಳ. ನಮ್ಮಾಕಿ ಅಲ್ರಿ."

ಅವ್ವನ ಬೆರಳಿಗೆ ಚುಚ್ಚಿದರು, ರಕ್ತ ಕಡಿಮೆ ಎಂದು ಚೀಟಿ ಕೊಟ್ಟರು. ಅವ್ವನಿಗೆ ಆಸ್ಪತ್ರೆಯಲ್ಲಿ ಕೆಂಪು ಗುಳಿಗೆ ಸಿಕ್ಕವು.

ಕದ ತೆರೆದೆ. ಜಗದೇವಿ ಜೋಳದ ಚೀಲಕ್ಕೆ ಒರಗಿ ಕೂತಿದ್ದಳು.

"ನಾ ನಿಮ್ಮಾಕಿ ಅಲ್ಲೇನ ಅಕ್ಕಾ?"

"ಈಗ ನೀ ಹುಮನಾಬಾದಿನಾಕಿ," ಎಂದು ಚಾಷ್ಟಿ ಮಾಡಿದೆ.

ಅವಳು ನಗಲಿಲ್ಲ. "ಆ ಸರ್ವೆ ಬಾಯಿ ರಕ್ತ ನೋಡಾಕತ್ತಿದ್ಳಂತಲ್ಲ. ನನ್ದೂ ಜರಾ ನೋಡ್ತಿದ್ಳು. ಎದ್ದು ನಿಂತ್ರ ಕಣ್ಣಿಗಿ ಕತ್ತಲಿ ಬರ್ತದ."

"ಬಸುರಿದ್ದವರಿಗಿ ಬರೂದ. ಸುಮ್ಮ ಕೂಡು."

ಸುಮ್ಮನೆ ಕೂತಳು.

ಮುಂದಿನ ತಿಂಗಳು ಹೆರಿಗೆ. ಕೂಸು ಅಳಲಿಲ್ಲ. ಅವಳಿಗೆ ರಕ್ತ ನಿಲ್ಲಲಿಲ್ಲ. ಡಾಕ್ಟರು ಬಂದವರೇ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ, "ಮೊದಲ ಮೈಯಾಗ ರಕ್ತ ಇಲ್ಲ, ಇಷ್ಟು ದಿನ ಯಾರೂ ನೋಡಿಲ್ಲೇನು? ರಕ್ತ ಕೊಡಬೇಕು, ಬೀದರಿಗೆ ಒಯ್ಯಿರಿ," ಎಂದರು. ನಡು ಮಧ್ಯಾಹ್ನ ಜೀಪಿನಲ್ಲಿ ಮಲಗಿಸಿಕೊಂಡು ಹೊರಟೆವು. ತಲೆ ನನ್ನ ತೊಡೆಯ ಮೇಲಿತ್ತು. ಹುಮನಾಬಾದಿನಲ್ಲಿ ಜೀಪು ಹತ್ತಬೇಕೆಂದು ಅವಳ ಗಂಡ ಫ್ಯಾಕ್ಟರಿಯ ಡ್ರೆಸ್ಸಿನಲ್ಲೇ ರಸ್ತೆ ಬದಿಗೆ ಬಂದು ನಿಂತಿದ್ದ. ಕೈಯಲ್ಲಿ ಎರಡು ಎಳನೀರು. ಜೀಪು ನಿಂತಿತು. ಮುಂದೆ ಹೋಗುವ ಕೆಲಸ ಇರಲಿಲ್ಲ.

ಒಂದು ನಿಮಿಷ, ಒಂದು ಹನಿ, ಒಂದು ಚೀಟಿ. ಅದರಿಂದ ಬದುಕುತ್ತಿದ್ದಳೇ? ಗೊತ್ತಿಲ್ಲ. ಆ ಚೀಟಿ ಮನೆ ಬಾಗಿಲಿಗೆ ಬಂದಾಗ ಅಡ್ಡ ಕೂತವಳು ನಾನು ಎನ್ನುವುದು ಮಾತ್ರ ಗೊತ್ತು.

ಮೊನ್ನೆಯ ಹುಡುಗಿಗೆ ಬರೋಣ. ಮಲಗಿದವರ ಲೆಕ್ಕವನ್ನು ಈ ಸಲ ಸರಿಯಾಗಿ ಕೊಟ್ಟೆ. ಅವಳು ಹಾಳೆ ಮೇಲೆ ಹಾಳೆ ತಿರುವಿದಳು. ಮತ್ತೆ ಕೇಳಿದಳು.

"ನಿಮ್ಮವ್ವನ ಹೊಟ್ಟಿಲೆ ಹುಟ್ಟಿದವರು ಎಷ್ಟು ಮಂದಿರಿ?"

"ಇಬ್ಬರು."

"ಇಬ್ಬರೂ ಅದೀರಿ?"

"ತಂಗಿ ಇಲ್ಲ."

"ಬಸುರಿದ್ದಾಗ, ಇಲ್ಲಾ ಹಡಿಯುವಾಗ ತೀರಿಕೊಂಡ್ರೇನ್ರಿ?"

ಅಂಥದ್ದೊಂದು ಪ್ರಶ್ನೆ ಫಾರಂನಲ್ಲೇ ಅಚ್ಚಾಗಿದೆ ಎಂದರೆ, ಎಷ್ಟು ಮನೆಗಳಲ್ಲಿ ಅದಕ್ಕೆ ಹೌದು ಎಂಬ ಉತ್ತರ ಬಂದಿರಬೇಕು? ಹೌದು ಎಂದೆ. ಸತ್ತವರನ್ನು ಲೆಕ್ಕ ಹಾಕಲು ಒಡಹುಟ್ಟಿದವರನ್ನು ಕೇಳುತ್ತಾರಂತೆ. ಕೊನೆಗೆ ಆ ಲೆಕ್ಕ ಅಚ್ಚಾಗುವ ಪುಸ್ತಕದಲ್ಲಿ ಬೇರೆ ಬೇರೆ ವಯಸ್ಸಿನವರಿಗೆ ಬೇರೆ ಬೇರೆ ಸಾಲು ಇರುತ್ತದಂತೆ.

"ತೀರಿಕೊಂಡಾಗ ಅವರಿಗಿ ವಯಸ್ಸೆಷ್ಟಿತ್ರಿ?"

ಅಂಗಳದಲ್ಲಿ ಕನ್ನಡಿ ಹಿಡಿದು ಗಡ್ಡ ಕೆರೆದುಕೊಳ್ಳುತ್ತಿದ್ದ ನಮ್ಮ ಮನೆಯವರ ಕೈ ನಿಂತಿತು. ತಿರುಗಿ ನೋಡಲಿಲ್ಲ. ಕೈ ನಿಂತಿತು, ಅಷ್ಟೇ.

"ಹತ್ತೊಂಬತ್ತು," ಎಂದೆ.

ಹದಿನೆಂಟಕ್ಕೆ ಲಗ್ನ, ಮುಂದಿನ ವರ್ಷ ಬಾಣಂತನ. ಬರೋಬರ್ ಲೆಕ್ಕ! ಎಂಟು ವರ್ಷ ಹೇಳಿ ಹೇಳಿ ನಾಲಿಗೆಗೆ ರೂಢಿಯಾಗಿದೆ. ಹುಡುಗಿ ಬರೆದುಕೊಂಡಳು. "ಪಾಪ," ಎಂದಳು. ಥ್ಯಾಂಕ್ಸ್ ಹೇಳಿ ಹೋದಳು. ಬಾಗಿಲಿಗೆ ಹೋಗಿ ನೋಡಿದೆ, ಓಣಿಯ ತಿರುವಿನಲ್ಲಿ ಅವಳ ಬ್ಯಾಗು ಕಾಣಿಸುತ್ತಿತ್ತು. ಕೂಗಿದ್ದರೆ ಕೇಳಿಸುತ್ತಿತ್ತು. ಕೂಗಲಿಲ್ಲ.

ಇನ್ನು ಒಂದೆರಡು ವರ್ಷಕ್ಕೆ ಆ ಲೆಕ್ಕ ಪುಸ್ತಕವಾಗುತ್ತದೆ. ಪೇಪರಿನಲ್ಲಿ ಬರುತ್ತದೆ. ನಾವೆಲ್ಲ ಓದಿ, ಪರವಾಗಿಲ್ಲ, ಸಣ್ಣ ಹುಡುಗಿಯರು ಸಾಯುವುದು ಕಡಿಮೆಯಾಗಿದೆ ಎನ್ನುತ್ತೇವೆ. ಆ ಕಡಿಮೆಯಾದದ್ದರಲ್ಲಿ ನನ್ನಂಥ ಅಕ್ಕಂದಿರ ಪಾಲೆಷ್ಟು, ಯಾವ ಮಷಿನ್ ಹೇಳೀತು?

ಈ ಬರಹ ನಮ್ಮ ಮನೆಯವರೂ ಓದುತ್ತಾರೆ, ಹುಮನಾಬಾದಿನ ಬೀಗರೂ ಓದುತ್ತಾರೆ. ಓದಲಿ. ಆ ಸರ್ವೆಯ ತಂಗಿಯ ಕಣ್ಣಿಗೂ ಬಿದ್ದರೆ, ದಯವಿಟ್ಟು ನನ್ನ ಫಾರಂ ತೆಗೆದು ಒಂದು ಅಂಕಿ ಹೊಡೆದು ಹಾಕಲಿ.

ನಮ್ಮ ಜಗದೇವಿ ತೀರಿಕೊಂಡಾಗ ಅವಳಿಗೆ ಹದಿನಾರು.