ಹೊಲಿಗೆಯಲ್ಲಿ ಕಳೆದುಹೋದ ಅಮ್ಮ

ಆಂಟಿಯ ಸ್ವೆಟರಿನ ಎಡ ಭುಜಕ್ಕೆ ದಾರ ಪೋಣಿಸಿದ ಸೂಜಿಯೊಂದು ಯಾವಾಗಲೂ ಚುಚ್ಚಿಕೊಂಡಿರುತ್ತಿತ್ತು. ಮಕ್ಕಳು ಹರಿದ ಪುಸ್ತಕ ತಂದರೆ ಅಲ್ಲೇ ಕೂತು ಹೊಲಿದುಕೊಡುತ್ತಿದ್ದರು. ವಸಂತ್ ಕುಂಜ್‌ನಲ್ಲಿ ನನ್ನ ಕೆಳಗಿನ ಫ್ಲ್ಯಾಟಿನವರು, ಕೊಡಗಿನವರು. ಸೈನ್ಯದಲ್ಲಿದ್ದ ಗಂಡನ ಜೊತೆ ಊರೂರು ಸುತ್ತಿ, ಹೋದಲ್ಲೆಲ್ಲ ನರ್ಸರಿ ಮಕ್ಕಳಿಗೆ ಪಾಠ ಹೇಳಿದ್ದವರು. ಗಂಡ ತೀರಿಕೊಂಡ ಮೇಲೆ ಇಲ್ಲೇ ನೆಲೆಸಿ, ಭಾನುವಾರ ಬ್ಲಾಕಿನ ಮಕ್ಕಳನ್ನು ಕೂಡಿಸಿಕೊಂಡು ಕಥೆ ಓದುತ್ತಿದ್ದರು. ನಮಗೆಲ್ಲ ಅವರು ಆಂಟಿ.

ನಾನಾಗ ಆಫೀಸು ಕೆಲಸ ಬಿಟ್ಟು ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯಲು ಹೊರಟಿದ್ದೆ. ಕೈಯಲ್ಲಿ ಒಂದೂ ಪುಸ್ತಕವಿಲ್ಲ. "ಹುಚ್ಚು ಬಿಟ್ಟು ಕೆಲಸಕ್ಕೆ ಸೇರು" ಎಂದು ಊರಿಂದ ಅಮ್ಮ ದಿನಾ ಫೋನಿನಲ್ಲಿ ತಲೆ ತಿನ್ನುತ್ತಿದ್ದಳು. ಕೊನೆಗೆ ಪ್ರಕಾಶಕರೊಬ್ಬರು ಕಥೆಯೊಂದನ್ನು ಕೊಟ್ಟು, ಚಿತ್ರಗಳು ಒಪ್ಪಿಗೆಯಾದರೆ ಪುಸ್ತಕ ನಿಮಗೇ ಅಂದರು. ಇದೂ ತಪ್ಪಿದರೆ ಮತ್ತೆ ಆಫೀಸೇ ಗತಿ ಎಂದು ನಾನೂ ನಿರ್ಧರಿಸಿಬಿಟ್ಟಿದ್ದೆ.

ಕಥೆ ಸಣ್ಣದು. ಸರೋಜಿನಿ ನಗರದ ಮಾರ್ಕೆಟ್ಟಿನಲ್ಲಿ ಹುಡುಗಿಯೊಬ್ಬಳು ತಪ್ಪಿಸಿಕೊಳ್ಳುತ್ತಾಳೆ, ಕೊನೆಗೆ ಅಮ್ಮ ಸಿಗುತ್ತಾಳೆ. ಕೊನೆಯ ಚಿತ್ರವನ್ನು ಎರಡು ಪುಟದಗಲ ಬರೆದು, ಬಟ್ಟೆ ರಾಶಿಗಳ ನಟ್ಟನಡುವೆ, ಎರಡು ಪುಟ ಕೂಡುವಲ್ಲೇ ಅಮ್ಮನನ್ನು ನಿಲ್ಲಿಸಿದ್ದೆ. ಹಾಳೆಯ ಮೇಲೆ ಎಷ್ಟು ಚೆನ್ನಾಗಿತ್ತು ಅಂತೀರಿ! ಆಂಟಿಗೆ ತೋರಿಸಿದರೆ, "ಹಾಳೆ ಹಾಳೆಯಾಗಿ ಯಾರು ನೋಡ್ತಾರೆ?" ಎಂದು ಭುಜದ ಸೂಜಿ ಕಿತ್ತು, ಪ್ರಿಂಟುಗಳನ್ನು ಪುಟ ಪುಟವಾಗಿ ಕತ್ತರಿಸಿ, ಅಂಚು ಸೇರಿಸಿ ಹೊಲಿದೇಬಿಟ್ಟರು. ಭಾನುವಾರ ಅದನ್ನೇ ಮಕ್ಕಳ ಮುಂದೆ ಹಿಡಿದರು.

ಕೊನೆಯ ಚಿತ್ರ ಬಂತು. ಎರಡನೇ ಮಹಡಿಯ ಪುಟ್ಟ ಹುಡುಗಿ ಮೂಗು ತಾಗುವಷ್ಟು ಹತ್ತಿರ ಬಂದು ಹುಡುಕಿದಳು. "ಆಂಟಿ, ಮಮ್ಮಿ ಕಹಾಂ ಗಯೀ? ಎಲ್ಲಿ ಹೋದ್ಲು? ಸಿಗಲೇ ಇಲ್ಲ!" ಹಾಳೆ ತಿರುಗಿಸಿ ಹಿಂದೆಯೂ ನೋಡಿದಳು. ನೋಡಿದರೆ ಅಮ್ಮನ ಮುಖವೆಲ್ಲ ಹೊಲಿಗೆಯ ಸಂದಿಗೆ ಹೋಗಿ, ಆಚೆ ಈಚೆ ಎರಡು ಕಿವಿ ಮಾತ್ರ ಉಳಿದಿದ್ದವು.

"ಇಲ್ಲೇ ಇದ್ದಾಳಲ್ಲ ಪುಟ್ಟಿ, ನೋಡು..." ಎಂದು ನಾನು ಎದ್ದೆ.

"ನೀನು ಸುಮ್ನೆ ಕೂತ್ಕೋ," ಆಂಟಿ ಗದರಿದರು. "ಪುಸ್ತಕ ಕೊಂಡವರ ಮನೆಗೆಲ್ಲ ನೀನೂ ಹೋಗ್ತೀಯಾ, ಅಮ್ಮ ಇಲ್ಲಿದ್ದಾಳೆ ಅಂತ ಹೇಳೋಕೆ?"

ಮಕ್ಕಳೆದುರು ಮಾನ ಹೋಯಿತೆಂದು ಮೈಯೆಲ್ಲ ಉರಿಯಿತು. ಮನೆಗೆ ಬಂದು ಅವರನ್ನು ಚೆನ್ನಾಗಿ ಬೈದುಕೊಂಡೆ. ಆಮೇಲೆ ಅಮ್ಮನನ್ನು ಬಲಪುಟಕ್ಕೆ ಸರಿಸಿ ಇಡೀ ಚಿತ್ರವನ್ನು ಹೊಸದಾಗಿ ಬರೆದೆ. ಪ್ರಕಾಶಕರು ಒಪ್ಪಿದರು. ಸುದ್ದಿ ಹೇಳಲು ಕೆಳಗೆ ಓಡಿದರೆ ಆಂಟಿ, "ಚಲೋ, ಮೊದಲು ನಿಮ್ಮಮ್ಮನಿಗೆ ಫೋನ್ ಮಾಡು," ಅಂದರು, ಅಷ್ಟೇ.

ಪುಸ್ತಕ ಅಚ್ಚಾಗುವ ಮೊದಲೇ, ಚಳಿಗಾಲದಲ್ಲಿ, ನ್ಯುಮೋನಿಯಾ ಆಗಿ ಅವರು ತೀರಿಕೊಂಡರು. ಪ್ರತಿಗಳು ಕೈಗೆ ಬಂದ ದಿನ ಅವರ ಬಾಗಿಲಿಗೆ ಬೀಗ. ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ. ಅದೇ ಪುಟ್ಟ ಹುಡುಗಿ ಇಳಿದು ಬಂದು ಪಕ್ಕದಲ್ಲಿ ಕೂತಳು.

"ಆಂಟಿ ಇದನ್ನ ನೋಡಿದ್ರಾ?"

"ಇಲ್ಲ ಕಣೇ."

"ಅಚ್ಛಾ," ಎಂದು ಪುಸ್ತಕವನ್ನು ನನ್ನ ಕೈಯಿಂದ ತೆಗೆದುಕೊಂಡು ಮೊದಲ ಪುಟ ತೆರೆದಳು. ಕೊನೆಯ ಪುಟದಲ್ಲಿ ಅವಳೇ ಅಮ್ಮನನ್ನು ಹುಡುಕಿ ಬೆರಳಿಡುವವರೆಗೂ ನಾನು ಬಾಯಿ ಬಿಡಲಿಲ್ಲ.