ಕರಡಿಗೆಂದು ಆರಿಸಿದ ಬಂದೂಕು

ಕರಡಿಗಳೇ ಇಲ್ಲದ ದೇಶದಲ್ಲಿ ನನ್ನ ಮಗಳು ಕರಡಿಗೆ ಗುಂಡು ಹೊಡೆಯುವುದನ್ನು ಕಲಿತಳು. ಸಿಡ್ನಿಯ ಹೊರವಲಯದ ಒಂದು ಶೂಟಿಂಗ್ ಕ್ಲಬ್ಬಿನಲ್ಲಿ, ಶನಿವಾರ ಬೆಳಿಗ್ಗೆ. ಅವಳ ಹಿಂದೆ ಬೆಂಚಿನ ಮೇಲೆ ಕೂರುವುದಕ್ಕೆಂದೇ ನಾನು ಮೆಲ್ಬರ್ನ್‌ನಿಂದ ವಿಮಾನ ಹತ್ತಿ ಹೋಗಿದ್ದೆ.

ಅವಳು ಭೂವಿಜ್ಞಾನಿ. ನನ್ನ ಗಂಡ ತೀರಿಕೊಂಡ ಮೇಲೆ ನಾನು ಸಿಡ್ನಿಯ ಮನೆ ಬಿಟ್ಟು ಮೆಲ್ಬರ್ನ್‌ನ ಕ್ಲೈಡ್ ನಾರ್ತ್‌ಗೆ ಬಂದೆ. ಅವಳು ಕೆಲಸಕ್ಕಾಗಿ ಸಿಡ್ನಿಯಲ್ಲೇ ಉಳಿದಳು. ಅವಳ ಕಂಪನಿ ಅವಳನ್ನೂ ಅವಳ ಗೆಳತಿಯನ್ನೂ ಕೆನಡಾದ ಉತ್ತರದ ಬಯಲಿಗೆ ಒಂದು ಬೇಸಿಗೆ ಕಳಿಸುವುದೆಂದಾಯಿತು. ಕಲ್ಲಿನ ಮಾದರಿಗಳನ್ನು ಒಡೆದು ತರುವ ಕೆಲಸ. ಗೆಳತಿ ಸಿಡ್ನಿಯವಳೇ, ಬಿಳಿಯ ಹುಡುಗಿ. ನನ್ನನ್ನು ಆಂಟಿ ಎನ್ನುತ್ತಿದ್ದಳು. ನನ್ನ ಶೇಂಗಾ ಚಟ್ನಿಪುಡಿಯನ್ನು ಬ್ರೆಡ್ಡಿಗೆ ಬೆಣ್ಣೆಯ ಮೇಲೆ ಉದುರಿಸಿಕೊಂಡು ತಿನ್ನುತ್ತಿದ್ದಳು.

ಮಗಳು ಫೋನಿನಲ್ಲಿ ವಿಷಯ ಹೇಳಿದಳು.

"ಅಮ್ಮಾ, ಅಲ್ಲಿ ಬೇರ್ಸ್ ಇರ್ತವೆ. ಗನ್ ಕ್ಯಾರಿ ಮಾಡೋದು ಕಂಪಲ್ಸರಿ. ಇಟ್ಸ್ ಜಸ್ಟ್ ಪ್ರೊಸೀಜರ್."

"ಹೋಗಬ್ಯಾಡ ಅಂದ್ರ ಕೇಳ್ತೀಯೇನು?"

"ಇಲ್ಲ."

"ಹಂಗಾದ್ರ ಬಂದೂಕು ನೋಡಿ ಆರಿಸು. ನಾನೂ ಬರ್ತೀನಿ."

ನಮ್ಮದು ಕೊಪ್ಪಳದ ಕಡೆಯ ಕಲ್ಲುಗುಡ್ಡದ ಊರು. ನಾನು ಸಣ್ಣವಳಿದ್ದಾಗ ನಸುಕಿನಲ್ಲಿ ಶೇಂಗಾ ಹೊಲಕ್ಕೆ ಹೋದ ಅಪ್ಪನ ಮೇಲೆ ಕರಡಿ ಬಿತ್ತು. ಒಂದು ಕಣ್ಣು ಹೋಯಿತು, ಆ ಕಡೆಯ ಕೆನ್ನೆ ಹೋಯಿತು. ಆಮೇಲೆ ಅವರು ಬಹಳ ವರ್ಷ ಬದುಕಿದರು, ಆದರೆ ಯಾರೆದುರಿಗೂ ಉಣ್ಣಲಿಲ್ಲ. ಗೋಡೆಯ ಕಡೆ ಮುಖ ಮಾಡಿ, ತಲೆಯ ಮೇಲೆ ಟವೆಲ್ ಹಾಕಿಕೊಂಡು ಉಣ್ಣುತ್ತಿದ್ದರು. ಕರಡಿ ಎಂದರೆ ಏನೆಂದು ನನ್ನ ಮಗಳು ವಿಡಿಯೊ ನೋಡಿ ತಿಳಿದವಳು. ನಾನು ದಿನಾ ತಾಟು ಇಟ್ಟು ಬಂದು ತಿಳಿದವಳು.

ಕ್ಲಬ್ಬಿನಲ್ಲಿ ಕಲಿಸುವವನು ವಯಸ್ಸಾದ ಆಸ್ಟ್ರೇಲಿಯನ್. ಪಂಪ್ ಎಳೆದು ಹೊಡೆಯುವ ಶಾಟ್‌ಗನ್ನು ಈ ದೇಶದಲ್ಲಿ ಎಲ್ಲರ ಕೈಗೂ ಸಿಗುವುದಿಲ್ಲ, ಅದು ನಿಮಗೆ ಕೆನಡಾದಲ್ಲಿ ಸಿಗುತ್ತದೆ, ಇಲ್ಲಿ ಜೋಡಿ ನಳಿಗೆಯದರಲ್ಲಿ ಗುಂಡು ಹಾರಿದಾಗಿನ ಒದೆತ ತಡೆಯುವುದನ್ನು ಕಲಿತುಕೊಳ್ಳಿ ಎಂದ. ಆಮೇಲೆ ಮೇಜಿನ ಮೇಲೆ ಮೂರು ತೋಟಾಗಳನ್ನು ನಿಲ್ಲಿಸಿದ. ಒಂದರೊಳಗೆ ಸಾಸಿವೆಗಿಂತ ಸ್ವಲ್ಪ ದಪ್ಪನೆಯ ಸೀಸದ ಕಾಳುಗಳು, ಹಕ್ಕಿಗೆ. ಇನ್ನೊಂದರಲ್ಲಿ ಬಟಾಣಿಯಷ್ಟು ದಪ್ಪದವು, ಜಿಂಕೆಗೆ. ಮೂರನೆಯದರಲ್ಲಿ ಕಾಳೇ ಇಲ್ಲ, ಹೆಬ್ಬೆರಳಿನ ತುದಿಯಷ್ಟು ದಪ್ಪದ ಒಂದೇ ಸೀಸದ ಗುಂಡು. ಸ್ಲಗ್ ಎನ್ನುತ್ತಾರೆ. ಕರಡಿಗೆ ಇದೊಂದೇ ಎಂದ.

"ಒಂದೇ ಗುಂಡು ಯಾಕೆ? ಗುರಿ ತಪ್ಪಿದರೆ?" ನಾನು ಬೆಂಚಿನಿಂದಲೇ ಇಂಗ್ಲಿಷಿನಲ್ಲಿ ಕೇಳಿದೆ. ಹತ್ತು ಕಾಳು ಹಾರಿದರೆ ಒಂದಾದರೂ ತಾಗುತ್ತದಲ್ಲ ಎಂಬುದು ನನ್ನ ಲೆಕ್ಕ.

ಅವನಿಗಿಂತ ಮೊದಲು ಮಗಳು ತಿರುಗಿ ಹೇಳಿದಳು. "ಅಮ್ಮಾ, ತಾಗಿದ್ರೆ ಸಾಕಾಗಲ್ಲ. ಕರಡಿ ಸ್ಟಾಪ್ ಆಗ್ಬೇಕು. ಸಣ್ಣವು ಕೊಬ್ಬಲ್ಲೇ ನಿಂತುಬಿಡ್ತವೆ."

ಜೊತೆಗೇ ಕಲಿಯಲು ಬಂದಿದ್ದ ಗೆಳತಿ ಮೊದಲ ಗುಂಡಿಗೆ ಹಿಂದಕ್ಕೆ ಎರಡು ಹೆಜ್ಜೆ ಬಂದು ಜೋರಾಗಿ ನಕ್ಕಳು. ನನ್ನ ಮಗಳು ನಗಲಿಲ್ಲ. ಕಾಲು ಅಗಲಿಸಿ, ಹಿಡಿಯನ್ನು ಭುಜಕ್ಕೆ ಒತ್ತಿಕೊಂಡು ಹೊಡೆಯುತ್ತಲೇ ಹೋದಳು. ಮಧ್ಯಾಹ್ನದ ಹೊತ್ತಿಗೆ, ಗುರಿಗೆಂದು ನಿಲ್ಲಿಸಿದ್ದ ರಟ್ಟಿನ ಕರಡಿಯ ಎದೆಯಲ್ಲಿ ನನ್ನ ಮುಷ್ಟಿ ಹೋಗುವಷ್ಟು ತೂತು ಬಿದ್ದಿತ್ತು. ಅವಳ ಫ್ಲ್ಯಾಟಿಗೆ ಬಂದ ಮೇಲೆ ಇಬ್ಬರ ಭುಜಕ್ಕೂ ಕೊಬ್ಬರಿ ಎಣ್ಣೆ ಬಿಸಿ ಮಾಡಿ ತಿಕ್ಕಿದೆ. ಚರ್ಮ ನೇರಳೆಹಣ್ಣಿನ ಬಣ್ಣಕ್ಕೆ ತಿರುಗಿತ್ತು.

ಕೆನಡಾ ತಲುಪಿ, ಬಂದೂಕು ಬಾಡಿಗೆಗೆ ಕೊಡುವ ಅಂಗಡಿಯಿಂದ ವಿಡಿಯೊ ಕಾಲ್ ಮಾಡಿದಳು. ತಾನಾಗಿಯೇ ಗುಂಡು ತುಂಬಿಕೊಳ್ಳುವ ಬಂದೂಕು ಚಳಿಗೆ, ಮಣ್ಣಿಗೆ ಸಿಕ್ಕಿಕೊಳ್ಳಬಹುದೆಂದು ಬಿಟ್ಟಿದ್ದಳು. ಪಂಪಿನವೇ ಎರಡು ಎದುರಿಗಿದ್ದವು. ಭಾರದ್ದು ಒದೆಯುವುದು ಕಡಿಮೆ, ಆದರೆ ದಿನವಿಡೀ ಹೊತ್ತು ಗುಡ್ಡ ಹತ್ತಬೇಕು. ಹಗುರದ್ದು ಕತ್ತೆಯ ಹಾಗೆ ಒದೆಯುತ್ತದೆ.

"ಯಾವ್ದು ತಗೊಳ್ಲಿ, ಅಮ್ಮಾ?"

"ದಿನಾ ಹೊರಾಕ ಆಗೋದನ್ನ ತಗೋ. ಟೆಂಟ್‌ನ್ಯಾಗ ಬಿಟ್ಟು ಹೋಗೋ ಬಂದೂಕು ಯಾತಕ್ಕ?"

ಅಂಗಡಿಯವನೂ ಅದನ್ನೇ ಹೇಳಿದನಂತೆ. ಹಗುರದ್ದನ್ನು, ಗಿಡ್ಡ ನಳಿಗೆಯದನ್ನು ತೆಗೆದುಕೊಂಡಳು. ತೋಟಾಗಳಲ್ಲಿ ಸ್ಲಗ್ ಬಿಟ್ಟು ಬೇರೆ ಮುಟ್ಟಲಿಲ್ಲ. ದೂರದಲ್ಲಿ ಕಂಡ ಕರಡಿಯನ್ನು ಹೆದರಿಸಲು ಸದ್ದಿನ ಪಟಾಕಿಗಳನ್ನೂ ತೆಗೆದುಕೊಂಡಳು. ಆ ರಾತ್ರಿ ನನಗೆ ಚೆನ್ನಾಗಿ ನಿದ್ದೆ ಬಂತು.

ನಾನು ಮನೆಯ ಹತ್ತಿರದ ಕ್ರಾನ್‌ಬರ್ನ್‌ನ ಒಂದು ಚೈಲ್ಡ್‌ಕೇರ್‌ನಲ್ಲಿ ಕೆಲಸ ಮಾಡುತ್ತೇನೆ. ಒಂದು ದಿನ ಮಕ್ಕಳಿಗೆ ಊಟ ಬಡಿಸುತ್ತಿದ್ದಾಗ ಅವಳ ಫೋನ್ ಬಂತು.

"ಅಮ್ಮಾ, ನಾನು ಓಕೆ," ಎಂದಳು. ಅವಳು ಓಕೆ ಎಂದರೆ ಇನ್ನೊಬ್ಬಳು ಅಲ್ಲ ಎಂಬುದು ನನಗೆ ಆಗಲೇ ತಿಳಿಯಿತು.

ನಡೆದದ್ದನ್ನು ಅವಳು ನನ್ನ ಮನೆಗೆ ಬಂದ ಮೇಲೆ ಚೂರುಚೂರಾಗಿ ಹೇಳಿದಳು. ಆ ದಿನ ಕಾವಲಿನ ಪಾಳಿ ಅವಳದು. ಗೆಳತಿ ಇಳಿಜಾರಿನಲ್ಲಿ ಬಗ್ಗಿ ಕಲ್ಲು ಒಡೆಯುತ್ತಿದ್ದಳು. ಅವಳ ಪಕ್ಕದಲ್ಲೇ ಇದ್ದ ಮಣ್ಣಿನ ದಿಬ್ಬದ ಆಚೆಯಿಂದ ಕಂದು ಕರಡಿ ಎದ್ದು ಬಂತು. ಪಟಾಕಿ ಹಚ್ಚುವಷ್ಟು ದೂರವೇ ಇರಲಿಲ್ಲ. ಮಗಳು ಬಂದೂಕು ಎತ್ತಿದಾಗ ಗುರಿಯ ಸಾಲಿನಲ್ಲಿ ಕರಡಿಯ ಮುಂದೆ ಗೆಳತಿಯೇ ಇದ್ದಳು. ಪಕ್ಕಕ್ಕೆ ಓಡುವಷ್ಟರಲ್ಲಿ ಕರಡಿ ಗೆಳತಿಯ ಮೇಲೆ ಬಿದ್ದಿತ್ತು. ಮಗಳು ಹೊಡೆದಳು. ತಾಗಿತು. ಕರಡಿ ಬಿಡಲಿಲ್ಲ. ಮತ್ತೆ ಹೊಡೆದಳು, ತಾಗಿತು. ಬಂದೂಕು ಒಮ್ಮೆಯೂ ಸಿಕ್ಕಿಕೊಳ್ಳಲಿಲ್ಲ. ಕರಡಿ ಗೆಳತಿಯ ಮೇಲೆಯೇ ಕುಸಿದು ಸತ್ತಿತು. ಮಂಜು ಕವಿದಿದ್ದರಿಂದ ಹೆಲಿಕಾಪ್ಟರ್ ತಡವಾಯಿತು. ಅದು ಬರುವ ಮುಂಚೆಯೇ, ನನ್ನ ಮಗಳ ತೊಡೆಯ ಮೇಲೆ ಆ ಹುಡುಗಿಯ ಜೀವ ಹೋಯಿತು.

ವಿಚಾರಣೆ ಮಾಡಿದವರು ಎಲ್ಲವೂ ಸರಿಯಾಗಿತ್ತೆಂದು ಹೇಳಿದರು. ಬಂದೂಕು ಸರಿ, ತೋಟಾ ಸರಿ, ಗುರಿ ಸರಿ. ನನಗೂ ಆಗ ಅದು ಸಮಾಧಾನದ ಮಾತೆನಿಸಿತು. "ನಿನ್ನದೇನೂ ತಪ್ಪಿಲ್ಲವ್ವಾ," ಎಂದು ಮತ್ತೆ ಮತ್ತೆ ಹೇಳಿದೆ. ಅವಳು ಪ್ರತಿ ಸಲವೂ "ಐ ನೋ" ಎನ್ನುತ್ತಿದ್ದಳು.

ಕೆಲವು ವಾರಗಳ ನಂತರ ಆ ಹುಡುಗಿಯ ತಾಯಿ ನಮ್ಮನ್ನು ಕರೆದಳು. ಇಬ್ಬರೂ ಸಿಡ್ನಿಗೆ ಹೋದೆವು. ಆಕೆ ನನ್ನದೇ ವಯಸ್ಸಿನವಳು, ಅವಳಿಗೂ ಇದ್ದದ್ದು ಒಬ್ಬಳೇ ಮಗಳು. ಟೀ ಕೊಟ್ಟಳು, ಬಿಸ್ಕತ್ತಿನ ತಟ್ಟೆ ಇಟ್ಟಳು. ನನ್ನ ಮಗಳ ಎದುರಿಗೆ ಕುರ್ಚಿ ಎಳೆದುಕೊಂಡು ಕೂತು ಮೆಲ್ಲಗೆ ಕೇಳಿದಳು.

"ಬಂದೂಕು ಕೆಟ್ಟಿತ್ತೇ?"

"ಇಲ್ಲ."

"ಬೇರೆ ಗುಂಡು ಹಾಕಬೇಕಿತ್ತೇ? ಇನ್ನೂ ದೊಡ್ಡದು?"

"ಇಲ್ಲ. ಅದೇ ಸರಿಯಾದದ್ದು."

"ನೀನು ಹೆದರಿ ತಡ ಮಾಡಿದೆಯಾ? ಮಾಡಿದ್ದರೆ ಹೇಳು, ನಾನು ಸಿಟ್ಟಾಗುವುದಿಲ್ಲ."

ಮಗಳು ನನ್ನ ಕಡೆ ನೋಡಿದಳು. ಆಮೇಲೆ ಇಲ್ಲವೆಂದು ತಲೆಯಾಡಿಸಿದಳು. "ಗುರಿ ಸಿಕ್ಕ ತಕ್ಷಣ ಹೊಡೆದೆ. ಎಲ್ಲವೂ ತಾಗಿದವು."

ಆ ತಾಯಿ ಬಿಸ್ಕತ್ತಿನ ತಟ್ಟೆಯನ್ನು ನಮ್ಮ ಕಡೆ ಸರಿಸಿದಳು. ಕೊನೆಗೆ, "ಹಾಗಾದರೆ ಯಾಕೆ?" ಎಂದಳು. ಟೀ ತಣ್ಣಗಾಯಿತು. ಯಾರ ಮೇಲಾದರೂ ತಪ್ಪು ಹೊರಿಸಿ ಅಳುವುದಕ್ಕೆ ಆಕೆಗೆ ಏನೋ ಒಂದು ಬೇಕಿತ್ತು. ನಾವು ಅದನ್ನೂ ಕೊಡದೆ ಎದ್ದು ಬಂದೆವು.

ಹೊರಗೆ ಕಾರಿನಲ್ಲಿ ಮಗಳು ಬೆಲ್ಟ್ ಹಾಕಿಕೊಳ್ಳದೆ ಕೂತಿದ್ದಳು.

"ಗನ್ ಜಾಮ್ ಆಯ್ತು ಅಂತ ಹೇಳ್ಬೇಕಿತ್ತಾ, ಅಮ್ಮಾ?"

"ಸುಳ್ಳು ಯಾಕ ಹೇಳ್ತಿ?"

"ಜಾಮ್ ಆಗಿದ್ರೆ ಚೆನ್ನಾಗಿತ್ತು. ನಂಗೂ."

ಅವಳ ಕೈ ಹಿಡಿದುಕೊಂಡೆ. ಅವಳು ಬಿಡಿಸಿಕೊಳ್ಳಲಿಲ್ಲ, ಹಿಡಿದುಕೊಳ್ಳಲೂ ಇಲ್ಲ.

ಈಗ ಅವಳು ನನ್ನ ಜೊತೆ ಕ್ಲೈಡ್ ನಾರ್ತ್‌ನಲ್ಲಿದ್ದಾಳೆ. ಕಂಪನಿ ಬಿಟ್ಟಳು. ಬಾಕ್ಸ್ ಹಿಲ್‌ನಲ್ಲಿ ಒಬ್ಬ ಮನೋವೈದ್ಯೆಯ ಹತ್ತಿರ ಕರೆದುಕೊಂಡು ಹೋಗುತ್ತೇನೆ. ಒಳಗೆ ಏನು ಮಾತಾಡುತ್ತಾಳೋ ಗೊತ್ತಿಲ್ಲ. ಪಕ್ಕದ ಮನೆಯ ಉಡುಪಿಯವರು ಹಬ್ಬಕ್ಕೆ ಕರೆದರೂ ಬರುವುದಿಲ್ಲ. ಹಗಲೆಲ್ಲ ಬ್ಲೈಂಡ್ಸ್ ಇಳಿಸಿಕೊಂಡು ಮಲಗಿರುತ್ತಾಳೆ. ಕಾಲ ಕಳೆದರೆ ಸರಿಹೋಗುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಬೇಸಿಗೆ ಹೋಗಿ ಚಳಿ ಬಂತು, ಮತ್ತೆ ಬೇಸಿಗೆ ಬಂತು.

ಆ ತಾಯಿ ಭಾನುವಾರಗಳಲ್ಲಿ ಫೋನ್ ಮಾಡುತ್ತಾಳೆ. ಮಗಳು ಎತ್ತುವುದಿಲ್ಲ, ನಾನೇ ಎತ್ತುತ್ತೇನೆ. ಹವಾಮಾನದ ಮಾತು, ಆಕೆಯ ಮೊಣಕಾಲಿನ ಮಾತು. ಕಳೆದ ವಾರ, "ಅವಳು ಊಟ ಮಾಡುತ್ತಾಳಾ?" ಎಂದು ಕೇಳಿದಳು.

"ಸ್ವಲ್ಪ," ಎಂದೆ.

"ಒಳ್ಳೆಯದು," ಎಂದಳು. ಆಕೆ ಫೋನ್ ಇಡಲಿ ಎಂದು ನಾನು, ನಾನು ಇಡಲಿ ಎಂದು ಆಕೆ, ಹಾಗೇ ಕಾಯುತ್ತ ಕೂತೆವು.