ಮಾಸ್ತರರ ಪಾಯಾ ಬಟ್ಟಲು

ಕಂಪ್ಯೂಟರ್ ತರಬೇತಿ ಕೇಂದ್ರಗಳೇ ತುಂಬಿದ ಅಮೀರ್‌ಪೇಟ್‌ನ ನನ್ನ ಖಾನಾವಳಿಗೆ ಬರುತ್ತಿದ್ದ ಬೀದರಿನ ದಶರಥ ಮಾಸ್ತರರು ದಿನಕ್ಕೆ ಐದು ಬ್ಯಾಚುಗಳಿಗೆ ನಿಂತೇ ಜಾವಾ ಕಲಿಸುವವರು. ಕುಳಿತು ಕಲಿಸುವುದು ವಿದ್ಯೆಗೆ ಅವಮಾನವೆನ್ನುವವರು. ಹೆಬ್ಬೆರಳು ಊದಿದಾಗ ಒಂದು ಕಾಲಿಗೆ ಬೂಟು, ಇನ್ನೊಂದಕ್ಕೆ ಹವಾಯಿ ಚಪ್ಪಲಿ ಧರಿಸಿ ಅಷ್ಟೇ ಗತ್ತಿನಿಂದ ನಡೆಯುತ್ತಿದ್ದರು. ಕಾಲುನೋವಿಗೆ ಕುರಿಕಾಲಿನ ಸಾರು ಪಾಯಾ ಮದ್ದೆಂದು ನಂಬಿದ್ದ ನಾನು ಅವರಿಗೆ ದಿನವೂ ಬಡಿಸಿದೆ. “ಕುಡೀರಿ ಮಾಸ್ತರ, ಕುದರಿ ಹಂಗ ಓಡ್ತೀರಿ,” ಎನ್ನುತ್ತಿದ್ದೆ. “ಓಡೋದು ಬ್ಯಾಡ್ರಿ ಅಕ್ಕಾ, ನಿಂತ್ರ ಸಾಕು,” ಎಂದು ನಕ್ಕು ಬಟ್ಟಲು ಬರಿದು ಮಾಡುತ್ತಿದ್ದರು. ಅವರು ಕುರ್ಚಿಯಲ್ಲಿ ಕುಳಿತೇ ಪಾಠ ಹೇಳುವಂತಾದಾಗ ವೈದ್ಯರ ಚೀಟಿ ನನ್ನ ಕಣ್ಣಿಗೆ ಬಿತ್ತು: ಇದು ಗೌಟ್ ಎಂಬ ಕೀಲುಬೇನೆ, ರಕ್ತದಲ್ಲಿ ಯೂರಿಕ್ ಆಮ್ಲ ಹೆಚ್ಚಿದೆ, ಅದನ್ನು ಏರಿಸುವ ಪಾಯಾ, ಕಲೇಜಿಯಂಥ ಮಾಂಸ ಬಿಡಬೇಕೆಂದು ಆರು ತಿಂಗಳ ಹಿಂದೆಯೇ ಬರೆದಿತ್ತು. “ಮೊದಲೇ ಯಾಕ ಹೇಳಲಿಲ್ರಿ?” ಎಂದೆ. “ನಿಮಗ ಬ್ಯಾಡ ಅನ್ನೋ ಧೈರ್ಯ ಯಾರಿಗೈತ್ರಿ ಅಕ್ಕಾ?” ಎಂದರು. ಆ ಮಾತನ್ನು ಬೇರೆಯವರಿಂದ ಎಷ್ಟೋ ಸಲ ಕೇಳಿ ನಾನು ಹೆಮ್ಮೆಪಟ್ಟಿದ್ದೆ.